ಬಿಗಿ ಎಷ್ಟು, ಬಿಡುವು ಎಷ್ಟು?

ಗಣಕಯಂತ್ರದ ಪರದೆಯ ಮೇಲೆ ಯಂತ್ರಗಳನ್ನು ಜೋಡಿಸಿ ನಡೆಸುವ ವಿದ್ಯೆ

೧೯೮೩ರ ಆಗಸ್ಟ್ ೩೦ರಂದು ಅಮೆರಿಕದ ‘ಚಾಲೆಂಜರ್’ ಗಗನನೌಕೆಯು ನಮ್ಮ ದೇಶದ ಇನ್ಸಾಟ್-೧ಬಿ ಉಪಗ್ರಹವನ್ನು ತನ್ನ ಒಡಲಿನಲ್ಲಿ ಇರಿಸಿಕೊಂಡು ಮೇಲೇರಿತು. ಮರುದಿನ ಉಪಗ್ರಹವು ನೌಕೆಯಿಂದ ಬೇರ್ಪಟ್ಟು ತನ್ನ ದಾರಿ ಹಿಡಿಯಿತು. ಅದರ ಆಗುಹೋಗುಗಳನ್ನು ನೋಡಿಕೊಳ್ಳುವ ಹೊಣೆ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದ್ದು. ಹಿಂದಿನ ವರ್ಷ ಹಾರಿದ್ದ ಇನ್ಸಾಟ್-೧ಎ ಐದೇ ತಿಂಗಳಲ್ಲಿ ಕೈಬಿಟ್ಟುಹೋಗಿತ್ತು. ಆದಕಾರಣ ದೂರವಾಣಿ, ಹವಾಮಾನ ವೀಕ್ಷಣೆ, ದೂರದರ್ಶನ ಇವೆಲ್ಲವುಗಳ ಆಸೆಯೂ ಈ ಎರಡನೆಯದರ ಮೇಲೆ ನಿಂತಿತ್ತು. ಆದರೆ ಬಂದುದು ಶುಭವಾರ್ತೆಯಲ್ಲ. ಹಾರುವಾಗ ಮಡಿಚಿಟ್ಟಿದ್ದ ಸೂರ್ಯಫಲಕವು, ಬಿಚ್ಚಿಕೊಳ್ಳೆಂದು ಆಜ್ಞೆ ಹೋದರೂ ಬಿಚ್ಚಿಕೊಳ್ಳಲಿಲ್ಲ! ಉಪಗ್ರಹವನ್ನು ಕಟ್ಟಿಕೊಟ್ಟಿದ್ದ ಫೋರ್ಡ್ ಕಂಪನಿಯ ತಜ್ಞರೂ ನಮ್ಮ ನಿಯಂತ್ರಕರೂ ದಿನಗಟ್ಟಲೆ ಹೆಣಗಿದ ಮೇಲೆ, ಸೆಪ್ಟೆಂಬರ್ ನಡುವಣ ಹೊತ್ತಿಗೆ ಫಲಕವು ತೆರೆದುಕೊಂಡಿತು. ಆ ಉಪಗ್ರಹವು ಮುಂದೆ ವರ್ಷಗಟ್ಟಲೆ ದುಡಿಯಿತು.

ಅಲ್ಲಿ ಹಟ ಹಿಡಿದುದು ಯಾವುದು? ರಾಕೆಟ್ಟಲ್ಲ, ವಿದ್ಯುತ್ತಿನ ಸೂಕ್ಷ್ಮ ಉಪಕರಣಗಳೂ ಅಲ್ಲ. ಮಡಿಚಿ ಬಿಚ್ಚಬೇಕಾದ ಒಂದು ಫಲಕ. ಮನೆಯ ಕಿಟಕಿಯ ಬಾಗಿಲು ಸಿಕ್ಕಿಕೊಂಡರೆ ನಾವು ಅಂಗೈಯಿಂದ ಒಂದು ಗುದ್ದು ಕೊಟ್ಟು ತೆರೆಯುತ್ತೇವೆ. ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ಆ ಗುದ್ದನ್ನು ಕೊಡುವವರಾರು? ಒಮ್ಮೆ ನಮ್ಮ ಕೈಬಿಟ್ಟ ಮೇಲೆ ತಾನಾಗಿಯೇ ನಡೆಯಬೇಕಾದ ಯಂತ್ರವನ್ನು, ಅದು ಹುಟ್ಟುವ ಮೊದಲೇ ನಡೆಸಿ ನೋಡಬೇಕು. ಇನ್ನೂ ಹುಟ್ಟದ ಯಂತ್ರವನ್ನು ನಡೆಸುವುದು ಹೇಗೆ ಎನ್ನುವಿರಾ? ಅದಕ್ಕಾಗಿಯೇ ಒಂದು ವಿದ್ಯೆ ಬೆಳೆದು ಬಂದಿದೆ. ಗಣಕಯಂತ್ರದ ನೆರವಿನ ವಿನ್ಯಾಸವೆಂದು ಅದರ ಹೆಸರು. ಕೈಗಾರಿಕೆಯವರ ಬಾಯಲ್ಲಿ ಚಿಕ್ಕದಾಗಿ ‘ಕ್ಯಾಡ್’. ಬಿಡಿಭಾಗಗಳನ್ನು ಪರದೆಯ ಮೇಲೆ ಒಂದೊಂದಾಗಿ ಜೋಡಿಸಿ, ಯಾವುದು ಅಲುಗಬೇಕು, ಎಷ್ಟು ಅಲುಗಬೇಕು, ಯಾವುದು ಅಲುಗಲೇಕೂಡದು ಎಂದು ಗೊತ್ತುಪಡಿಸುವುದು ಅದರ ಬಹು ಮುಖ್ಯವಾದ ಅಂಗ.

ನಿಂತ ನಕ್ಷೆ, ನಡೆಯುವ ಯಂತ್ರ

ಕಾಗದದ ನಕ್ಷೆಗೊಂದು ದೊಡ್ಡ ಕೊರತೆಯುಂಟು: ಅದು ನಿಂತಲ್ಲೇ ನಿಂತಿರುತ್ತದೆ. ಯಂತ್ರವೋ ಚಲಿಸುವ ವಸ್ತು. ಒಂದು ಗಳಿಗೆಯಲ್ಲಿ ಅದರ ಭಾಗಗಳು ಎಲ್ಲಿರುತ್ತವೆಂಬುದನ್ನು ನಕ್ಷೆ ತೋರಿಸಬಲ್ಲುದು. ಮರುಗಳಿಗೆಯಲ್ಲಿ ಎಲ್ಲಿರುತ್ತವೆಂಬುದನ್ನು ಬಲ್ಲವರು ಮನಸ್ಸಿನಲ್ಲೇ ಕಂಡುಕೊಳ್ಳಬೇಕು.

ಈ ಕಷ್ಟ ಹೊಸತಲ್ಲ. ಜೇಮ್ಸ್ ವಾಟನ ಕಾಲದಲ್ಲೂ ಇತ್ತು. ಉಗಿಯಂತ್ರದ ಕೊಂತವು ನೆಟ್ಟಗೆ ಮೇಲೆ ಕೆಳಗೆ ಓಡಾಡುತ್ತದೆ. ಅದು ಅಲುಗಿಸಬೇಕಾದ ದೊಡ್ಡ ತೊಲೆಯ ತುದಿಯೋ ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ತೂಗುತ್ತದೆ. ನೆಟ್ಟಗಿನ ನಡೆಗೂ ಬಾಗಿದ ನಡೆಗೂ ಗಂಟುಹಾಕುವ ಬಗೆ ಹೇಗೆ? ವಾಟನಿಗಿಂತ ಹಿಂದಿನವರು ಸರಪಳಿಯಿಂದ ಕಟ್ಟಿದ್ದರು. ಸರಪಳಿ ಎಳೆಯಬಲ್ಲುದೇ ಹೊರತು ತಳ್ಳಲಾರದು. ವಾಟನ ಹೊಸ ಯಂತ್ರದಲ್ಲಿ ಉಗಿಯು ಎರಡು ಕಡೆಗೂ ದುಡಿಯುತ್ತಿತ್ತು, ತಳ್ಳುವುದೂ ಬೇಕಾಗಿತ್ತು. ೧೭೮೪ರಲ್ಲಿ ಅವನು ಕೆಲವು ಸರಳುಗಳನ್ನು ಕೀಲುಗಳಿಂದ ಹೆಣೆದು, ಅವುಗಳಲ್ಲಿ ಒಂದರ ಮೇಲಿನ ಒಂದು ಬಿಂದುವು ಬಹುಮಟ್ಟಿಗೆ ನೇರವಾಗಿ ನಡೆಯುವಂತೆ ಮಾಡಿದನು. ತನ್ನ ಉಳಿದೆಲ್ಲ ಶೋಧಗಳಿಗಿಂತ ಇದರ ಬಗ್ಗೆಯೇ ತನಗೆ ಹೆಚ್ಚಿನ ಹೆಮ್ಮೆಯೆಂದು ಮುಪ್ಪಿನಲ್ಲಿ ಮಗನಿಗೆ ಬರೆದನು. ನಿಜಕ್ಕೂ ಆ ದಾರಿ ಪೂರ್ಣ ನೇರವಲ್ಲ. ನೀಳವಾದ ಇಂಗ್ಲಿಷ್ ಎಂಟರ ಆಕಾರದ ಒಂದು ಗೆರೆಯ ನಡುಭಾಗ ಅದು. ಸರಳುಗಳ ಹೆಣಿಗೆಯಿಂದಲೇ ತುಸುವೂ ಕೊಂಕಿಲ್ಲದ ನೇರ ನಡೆಯನ್ನು ಪಡೆಯುವ ಉಪಾಯವನ್ನು ಪೋಸೆಲಿಯೆ ಎಂಬ ಫ್ರೆಂಚ್ ಸೇನಾಧಿಕಾರಿ ಪ್ರಕಟಿಸಿದುದು ೧೮೬೪ರಲ್ಲಿ. ಎಂದರೆ ಎಂಬತ್ತು ವರ್ಷಗಳ ತರುವಾಯ.

ಅನಂತರ ಜರ್ಮನಿಯ ಫ್ರಾಂಜ್ ರಾಯ್ಲೋ ಬಂದನು. ೧೮೭೫ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಅವನು ಯಂತ್ರಗಳನ್ನು ನೋಡುವ ಬಗೆಯನ್ನೇ ಬದಲಿಸಿದನು. ಯಂತ್ರವೆಂದರೆ ಬಿಡಿಭಾಗಗಳ ರಾಶಿಯಲ್ಲ. ಒಂದು ಇನ್ನೊಂದರ ಚಲನೆಗೆ ಎಲ್ಲೆ ಹಾಕುವ ಜೋಡಿಗಳ ಸರಪಳಿ ಎಂಬುದು ಅವನ ನೋಟ. ವಿದ್ಯಾರ್ಥಿಗಳು ಕೈಯಿಂದ ತಿರುಗಿಸಿ ನೋಡಲೆಂದು ಅವನು ಲೋಹದ ಮಾದರಿಗಳನ್ನು ಮಾಡಿಸಿದನು. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಾದರಿಗಳು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಇಂದಿಗೂ ಇವೆ. ನಡೆಯುವುದನ್ನು ತಿಳಿಯಬೇಕಾದರೆ ನಡೆಸಿಯೇ ನೋಡಬೇಕು, ನಡೆಸಬೇಕಾದರೆ ಮಾಡಿಯೇ ತೀರಬೇಕು ಎಂಬುದು ಆಗಿನ ನಿಯಮ.

ಬೆಳಕಿನ ಲೇಖನಿ

ಆ ನಿಯಮವನ್ನು ಮುರಿದವನು ಇಪ್ಪತ್ತೈದು ತುಂಬದ ಒಬ್ಬ ತರುಣ. ಅಮೆರಿಕದ ಮೆಸಾಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಇವಾನ್ ಸದರ್ಲೆಂಡ್ ೧೯೬೩ರಲ್ಲಿ ತನ್ನ ಡಾಕ್ಟೊರೇಟ್ ಪದವಿಗಾಗಿ ‘ಸ್ಕೆಚ್‌ಪ್ಯಾಡ್’ ಎಂಬ ಕಾರ್ಯಕ್ರಮವನ್ನು ರಚಿಸಿದನು. ಲಿಂಕನ್ ಪ್ರಯೋಗಾಲಯದ ಟಿಎಕ್ಸ್-೨ ಎಂಬ ಗಣಕಯಂತ್ರದ ಪರದೆಯ ಮೇಲೆ, ಬೆಳಕನ್ನು ಗುರುತಿಸುವ ಒಂದು ಲೇಖನಿಯಿಂದ ಗೆರೆಗಳನ್ನು ಎಳೆಯಬಹುದಾಗಿತ್ತು. ಅದಷ್ಟೇ ಆಗಿದ್ದರೆ ಮಕ್ಕಳ ಸ್ಲೇಟಿಗೂ ಅದಕ್ಕೂ ಹೆಚ್ಚಿನ ಅಂತರವಿರುತ್ತಿರಲಿಲ್ಲ. ಅದರ ಸೋಜಿಗವಿದ್ದುದು ಬೇರೊಂದು ಕಡೆ. ಅಡ್ಡಾದಿಡ್ಡಿಯಾಗಿ ಎರಡು ಗೆರೆ ಎಳೆದು, ‘ಇವು ಸಮಾನಾಂತರವಾಗಿರಲಿ’, ‘ಇವು ಒಂದೇ ಉದ್ದವಿರಲಿ’, ‘ಈ ಎರಡು ತುದಿಗಳು ಅಗಲದಿರಲಿ’ ಎಂದು ಕಟ್ಟುಪಾಡು ವಿಧಿಸಿದರೆ ಸಾಕು. ಗಣಕವು ಬಿಂದುಗಳನ್ನು ಇಷ್ಟಿಷ್ಟೇ ಸರಿಸಿ, ತಪ್ಪನ್ನು ಕಡಮೆಮಾಡುತ್ತ, ಎಲ್ಲ ಕಟ್ಟುಪಾಡುಗಳೂ ನೆರವೇರುವವರೆಗೆ ಚಿತ್ರವನ್ನು ತಿದ್ದುತ್ತಿತ್ತು.

ಸದರ್ಲೆಂಡನು ಈ ವಿಧಾನದಿಂದ ಸರಳುಗಳ ಹೆಣಿಗೆಯೊಂದನ್ನು ಬರೆದು, ಅದರ ಒಂದು ಸರಳನ್ನು ತಿರುಗಿಸಿ ನೋಡಿದನು. ಮಿಕ್ಕ ಸರಳುಗಳೂ ತಮ್ಮ ಉದ್ದವನ್ನು ಬಿಡದೆ, ತಮ್ಮ ಕೀಲುಗಳನ್ನು ಕಳಚಿಕೊಳ್ಳದೆ ಅದರ ಹಿಂದೆ ಚಲಿಸಿದುವು. ಹಿಂದೆ ಮರ-ಲೋಹಗಳಲ್ಲಿ ಮಾಡಿ ನೋಡಬೇಕಾಗಿದ್ದ ಆಟವು ಪರದೆಯ ಮೇಲೆ ನಡೆಯಿತು. ಇಂದು ಲೋಕದ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ವಿನ್ಯಾಸದ ಕಾರ್ಯಕ್ರಮಗಳಲ್ಲಿ ಹರಿಯುತ್ತಿರುವುದು ಆ ಬುಗ್ಗೆಯ ನೀರೇ.

ಆರು ಸ್ವಾತಂತ್ರ್ಯಗಳು

ಈ ವಿದ್ಯೆಯ ಮೂಲಪಾಠಕ್ಕೆ ದೊಡ್ಡ ಸಾಮಗ್ರಿಯೇನೂ ಬೇಡ. ಒಂದು ಬೆಂಕಿಪೆಟ್ಟಿಗೆ ಸಾಕು. ಅದನ್ನು ಕೈಯಲ್ಲಿ ಎತ್ತಿ ಹಿಡಿಯಿರಿ. ಅದು ಎಡಬಲಕ್ಕೆ ಸರಿಯಬಹುದು, ಹಿಂದುಮುಂದಕ್ಕೆ ಸರಿಯಬಹುದು, ಮೇಲೆ ಕೆಳಗೆ ಸರಿಯಬಹುದು. ಇವು ಮೂರಾದುವು. ಇದೇ ಮೂರು ದಿಕ್ಕುಗಳನ್ನು ಅಚ್ಚಾಗಿ ಮಾಡಿಕೊಂಡು ಮೂರು ಬಗೆಯಾಗಿ ತಿರುಗಲೂಬಹುದು. ಒಟ್ಟು ಆರು. ಲೋಕದ ಯಾವ ಗಟ್ಟಿ ವಸ್ತುವಿಗೇ ಆಗಲಿ, ಇರುವ ಸ್ವಾತಂತ್ರ್ಯಗಳು ಈ ಆರೇ, ಏಳನೆಯದಿಲ್ಲ.

ಈಗ ಪೆಟ್ಟಿಗೆಯನ್ನು ಮೇಜಿನ ಮೇಲೆ ಇರಿಸಿ, ಮೇಜಿನ ಮೈಗೆ ಅಂಟಿಯೇ ಇರಬೇಕೆಂದು ಕಟ್ಟುಮಾಡಿ. ಮೇಲೆ ಕೆಳಗೆ ಹೋಗುವಂತಿಲ್ಲ. ಎರಡು ಕಡೆಗೂ ವಾಲುವಂತಿಲ್ಲ. ಮೂರು ಸ್ವಾತಂತ್ರ್ಯಗಳು ಹೋದುವು, ಮೂರು ಉಳಿದುವು. ಅದರ ಪಕ್ಕವು ಒಂದು ದಪ್ಪ ಪುಸ್ತಕದ ಅಂಚಿಗೆ ಒತ್ತಿಕೊಂಡೇ ಇರಬೇಕೆಂದು ಹೇಳಿ. ಇನ್ನೆರಡು ಹೋದುವು. ಉಳಿದುದು ಒಂದೇ: ಅಂಚಿನ ಗುಂಟ ಸರಿಯುವುದು. ಬೆಂಕಿಪೆಟ್ಟಿಗೆಯ ಒಳಗಿನ ಗೂಡು ಹೊರಗಿನ ಕವಚದಲ್ಲಿ ಸರಿಯುವುದು ಕೂಡ ಇದೇ ಒಂದು ಸ್ವಾತಂತ್ರ್ಯದಿಂದ. ಬಾಗಿಲಿಗೆ ಉಳಿದಿರುವುದೂ ಒಂದೇ, ತಿರುಗುವುದು. ಬಾವಿಯ ರಾಟೆಯ ಅಚ್ಚು ತಿರುಗುತ್ತಲೇ ಅತ್ತಿತ್ತ ಸರಿಯಬಲ್ಲುದಾದರೆ ಅದಕ್ಕೆ ಎರಡು. ನಮ್ಮ ಭುಜದ ಕೀಲಿಗೆ ಮೂರು.

ಯಂತ್ರಕ್ಕೆ ಚಲನೆಯನ್ನು ನಾವು ಕೊಡುತ್ತೇವೆಂಬುದು ಲೋಕದ ನಂಬಿಕೆ. ವಿನ್ಯಾಸಗಾರನು ಮಾಡುವ ಕೆಲಸ ಅದಕ್ಕೆ ತಿರುವುಮುರುವು. ವಸ್ತುವಿಗೆ ಆರು ಬಗೆಯ ಚಲನೆ ಹುಟ್ಟಿನಿಂದಲೇ ಬಂದಿರುತ್ತದೆ. ಬೇಡದ ಐದನ್ನು ಕಸಿದುಕೊಂಡು ಬೇಕಾದ ಒಂದನ್ನು ಉಳಿಸುವುದೇ ಅವನ ಕೌಶಲ.

ಪರದೆಯ ಮೇಲಿನ ಕಟ್ಟುಪಾಡು

ಇಂದಿನ ಎಂಜಿನಿಯರು ಜೋಡಣೆಗೆ ಕುಳಿತಾಗ ಮೊದಲು ಮಾಡುವುದು, ಒಂದು ಭಾಗವನ್ನು ನೆಲಕ್ಕೆ ಊರಿದಂತೆ ಸ್ಥಿರಗೊಳಿಸುವುದು. ಯಂತ್ರದ ಪೀಠವೋ ಚೌಕಟ್ಟೋ ಆಗಿರುತ್ತದೆ ಅದು. ಊರದೆ ಬಿಟ್ಟರೆ ಒಂದು ಚಕ್ರವನ್ನು ಎಳೆಯಹೋದಾಗ ಇಡೀ ಯಂತ್ರವೇ ಪರದೆಯ ಮೇಲೆ ತೇಲಾಡುತ್ತದೆ. ಬಳಿಕ ಬರುವ ಪ್ರತಿಯೊಂದು ಭಾಗಕ್ಕೂ ಅವನು ಕಟ್ಟುಪಾಡುಗಳನ್ನು ವಿಧಿಸುತ್ತಾನೆ. ಅವನ್ನು ಆ ಕಸುಬಿನವರು ‘ಮೇಟ್’ ಎನ್ನುತ್ತಾರೆ. ಈ ಮುಖ ಆ ಮುಖಕ್ಕೆ ಅಂಟಲಿ. ಈ ತೂತೂ ಆ ಕಂಬಿಯೂ ಒಂದೇ ಅಚ್ಚಿನಲ್ಲಿರಲಿ. ಇವೆರಡರ ನಡುವೆ ಐದು ಮಿಲಿಮೀಟರ್ ಅಂತರವಿರಲಿ ಎಂಬಂತಹವು. ಒಂದೊಂದು ಮಾತಿಗೂ ಕೆಲವು ಸ್ವಾತಂತ್ರ್ಯಗಳು ಕಳೆಯುತ್ತ ಹೋಗುತ್ತವೆ.

ಕೆಲವು ಕಟ್ಟುಪಾಡುಗಳು ಚಲನೆಯನ್ನು ತಡೆಯುವುದಿಲ್ಲ, ಅದಕ್ಕೆ ಎಲ್ಲೆ ಹಾಕುತ್ತವೆ. ಬಾಗಿಲು ಸೊನ್ನೆಯಿಂದ ತೊಂಬತ್ತು ಡಿಗ್ರಿಯವರೆಗೆ ಮಾತ್ರ ತೆರೆಯಲಿ, ಮೇಜಿನ ಡ್ರಾಯರು ನಲವತ್ತು ಸೆಂಟಿಮೀಟರಿಗಿಂತ ಹೊರಕ್ಕೆ ಬಾರದಿರಲಿ ಎನ್ನುವುದು ಈ ಜಾತಿಯದು. ಇನ್ನು ಕೆಲವು ಎರಡು ಚಲನೆಗಳಿಗೆ ಗಂಟುಹಾಕುತ್ತವೆ. ಇಪ್ಪತ್ತು ಹಲ್ಲಿನ ಚಕ್ರ ಮೂರು ಸುತ್ತು ತಿರುಗಿದರೆ ಅರವತ್ತು ಹಲ್ಲಿನದು ಒಂದು ಸುತ್ತು ತಿರುಗಬೇಕು, ಅದೂ ಎದುರು ದಿಕ್ಕಿನಲ್ಲಿ. ಬೆಂಚ್ ವೈಸಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಅದರ ದವಡೆಯು ತಿರುಪಿನ ಒಂದು ಸುತ್ತಿನ ಅಂತರದಷ್ಟೇ ಮುಂದೆ ಬರಬೇಕು. ಇಲ್ಲೊಂದು ಸ್ವಾರಸ್ಯವುಂಟು. ಚಕ್ರಗಳ ಹಲ್ಲುಗಳು ಪರದೆಯಲ್ಲಿ ಚಿತ್ರಿತವಾಗಿದ್ದರೂ, ಗಂಟುಹಾಕುವ ಮಾತನ್ನು ಹೇಳದಿದ್ದರೆ ಒಂದರ ಹಲ್ಲು ಇನ್ನೊಂದನ್ನು ತಳ್ಳುವುದಿಲ್ಲ. ಹೊಗೆಯೊಳಗೆ ಹೊಗೆ ಹೊಕ್ಕಂತೆ ಒಂದರೊಳಗೊಂದು ನುಸುಳಿಹೋಗುತ್ತವೆ. ಹೇಳಿದುದನ್ನು ಗಣಕವು ತಪ್ಪದೆ ಮಾಡುತ್ತದೆ. ಹೇಳದುದನ್ನು ಊಹಿಸಿ ಮಾಡುವುದಿಲ್ಲ.

ಎಲ್ಲ ಹೇಳಿ ಮುಗಿದ ಮೇಲೆ ಎಷ್ಟು ಸ್ವಾತಂತ್ರ್ಯ ಉಳಿಯಿತೆಂದು ಲೆಕ್ಕ ನೋಡಬೇಕು. ಒಂದೇ ಸಮತಲದಲ್ಲಿ ಚಲಿಸುವ ಸರಳುಗಳಾದರೆ ಲೆಕ್ಕ ಬಹಳ ಸುಲಭ. ಪ್ರತಿಯೊಂದು ಸರಳಿಗೂ ಮೂರು ಸ್ವಾತಂತ್ರ್ಯ. ಪ್ರತಿಯೊಂದು ಕೀಲೂ ಎರಡನ್ನು ಕಸಿಯುತ್ತದೆ. ಮೂರು ಸರಳುಗಳ ತ್ರಿಕೋನದಲ್ಲಿ ಒಂದನ್ನು ನೆಲಕ್ಕೆ ಊರಿದರೆ ಉಳಿದೆರಡಕ್ಕೆ ಆರು ಸ್ವಾತಂತ್ರ್ಯ, ಮೂರು ಕೀಲುಗಳು ಕಸಿಯುವುದೂ ಆರು, ಉಳಿಕೆ ಸೊನ್ನೆ. ಹಂಚಿನ ಮಾಡಿನ ಕೆಳಗೆ ತೊಲೆಗಳನ್ನು ತ್ರಿಕೋನವಾಗಿ ಕಟ್ಟುವುದರ ಮರ್ಮ ಇದೇ. ನಾಲ್ಕು ಸರಳುಗಳಾದರೆ ಒಂಬತ್ತರಲ್ಲಿ ಎಂಟು ಕಳೆದು ಒಂದು ಉಳಿಯುತ್ತದೆ. ಒಂದನ್ನು ತಿರುಗಿಸಿದರೆ ಎಲ್ಲವೂ ಗೊತ್ತಾದ ದಾರಿಯಲ್ಲೇ ನಡೆಯುತ್ತವೆ. ಐದಾದರೆ ಹನ್ನೆರಡರಲ್ಲಿ ಹತ್ತು ಕಳೆದು ಎರಡು ಉಳಿಯುತ್ತದೆ. ಇಬ್ಬರು ಯಜಮಾನರಿಲ್ಲದೆ ಅದು ಹತೋಟಿಗೆ ಬಾರದು.

ಹೊಲಿಗೆ ಯಂತ್ರದ ಪಾಠ

ನಾಲ್ಕು ಸರಳುಗಳ ಹೆಣಿಗೆಯನ್ನು ನೋಡಲು ಕಾರ್ಖಾನೆಗೆ ಹೋಗಬೇಕಾಗಿಲ್ಲ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವೇ ಅದು. ತುಳಿಯುವ ಹಲಗೆ ಒಂದು ಸರಳು. ಅದರಿಂದ ಮೇಲಕ್ಕೆ ಹೋಗುವ ಕಂಬಿ ಎರಡನೆಯದು. ದೊಡ್ಡ ಚಕ್ರದ ನಡುವಿನಿಂದ ಆ ಕಂಬಿ ಸಿಕ್ಕಿಸಿದ ಗೂಟದವರೆಗಿನ ದೂರ ಮೂರನೆಯದು. ಇವೆಲ್ಲವನ್ನೂ ಹೊತ್ತ ಕಬ್ಬಿಣದ ಕಾಲುಗಳು ನಾಲ್ಕನೆಯದು. ಹಲಗೆ ತೂಗುತ್ತದೆ, ಚಕ್ರ ಪೂರ್ತಿ ಸುತ್ತುತ್ತದೆ.

ಚಕ್ರವು ಪೂರ್ತಿ ಸುತ್ತಬೇಕಾದರೆ ಅಳತೆಗಳಿಗೊಂದು ಕಟ್ಟಳೆಯುಂಟು. ಜರ್ಮನಿಯ ಗ್ರಾಶಾಫ್ ಎಂಬ ಎಂಜಿನಿಯರನ ಹೆಸರಿನಲ್ಲಿ ಅದು ಪ್ರಸಿದ್ಧವಾಗಿದೆ: ಎಲ್ಲಕ್ಕಿಂತ ಗಿಡ್ಡ ಸರಳನ್ನೂ ಎಲ್ಲಕ್ಕಿಂತ ಉದ್ದನೆಯದನ್ನೂ ಕೂಡಿಸಿದರೆ, ಅದು ಮಿಕ್ಕೆರಡರ ಮೊತ್ತವನ್ನು ಮೀರಕೂಡದು. ಚಕ್ರದ ಗೂಟದ ದೂರ ೪, ಹಲಗೆಯ ತೋಳು ೧೨, ಕಂಬಿ ೩೦, ಚೌಕಟ್ಟಿನ ಅಂತರ ೩೨ ಸೆಂಟಿಮೀಟರ್ ಎಂದು ಭಾವಿಸೋಣ. ೪ ಮತ್ತು ೩೨ ಸೇರಿ ೩೬. ಮಿಕ್ಕೆರಡು ಸೇರಿ ೪೨. ಚಕ್ರ ಸರಾಗವಾಗಿ ಸುತ್ತುತ್ತದೆ. ಗೂಟವನ್ನು ೧೧ ಸೆಂಟಿಮೀಟರ್ ದೂರಕ್ಕೆ ಸರಿಸಿದಿರೋ, ೧೧ ಮತ್ತು ೩೨ ಸೇರಿ ೪೩. ಒಂದೇ ಸೆಂಟಿಮೀಟರ್ ಹೆಚ್ಚಾಯಿತು. ಚಕ್ರ ಎಂದೆಂದಿಗೂ ಒಂದು ಸುತ್ತು ಮುಗಿಸಲಾರದು. ಪರದೆಯ ಮೇಲೆ ಈ ಸಂಗತಿ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಎರಕ ಹೊಯ್ದ ಮೇಲೆ ತಿಳಿದರೆ ಎರಕವೇ ದಂಡ.

ಹೊಲಿಗೆ ಯಂತ್ರದಲ್ಲಿ ಇನ್ನೊಂದು ಪಾಠವಿದೆ. ಹೊಸದಾಗಿ ಕಲಿಯುವವರು ಹಲಗೆ ತುಳಿದಾಗ ಚಕ್ರ ಕೆಲವೊಮ್ಮೆ ಹಿಂದಕ್ಕೆ ತಿರುಗಿ ದಾರ ಸಿಕ್ಕಾಗುವುದನ್ನು ಮನೆಮನೆಯಲ್ಲೂ ಕಂಡಿದ್ದಾರೆ. ಕಂಬಿಯೂ ಗೂಟವೂ ಚಕ್ರದ ನಡುವೂ ಒಂದೇ ಗೆರೆಯಲ್ಲಿ ಬಂದು ನಿಂತಾಗ ಚಕ್ರಕ್ಕೆ ಮುಂದಿನ ದಾರಿ, ಹಿಂದಿನ ದಾರಿ ಎರಡೂ ಸಮ. ಅದಕ್ಕೆಂದೇ ಬಲ್ಲ ದರ್ಜಿಯು ಮೊದಲು ಮೇಲಿನ ಸಣ್ಣ ಚಕ್ರವನ್ನು ಕೈಯಿಂದ ಒಂದಿಷ್ಟು ತಿರುಗಿಸಿ, ಆಮೇಲೆ ತುಳಿಯುತ್ತಾನೆ.

ಗಣಕವೂ ಇದೇ ಕವಲುದಾರಿಯಲ್ಲಿ ಎಡವುತ್ತದೆ. ಹಲಗೆಯ ಓರೆಯನ್ನು ಮಾತ್ರ ಹೇಳಿ ಚಕ್ರವೆಲ್ಲಿದೆಯೆಂದು ಕೇಳಿದರೆ, ಲೆಕ್ಕಕ್ಕೆ ಎರಡು ಉತ್ತರಗಳುಂಟು, ಎರಡೂ ಸರಿ. ತುಳಿತದ ಕೊನೆ ಹತ್ತಿರವಾದಂತೆ ಆ ಎರಡು ಉತ್ತರಗಳು ಒಂದನ್ನೊಂದು ಸಮೀಪಿಸಿ ಕೂಡಿಕೊಳ್ಳುತ್ತವೆ. ಅಲ್ಲಿ ಗಣಕವು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬಹುದು. ಆಗ ಪರದೆಯ ಮೇಲಿನ ಭಾಗವು ಕಣ್ಣು ಮಿಟುಕಿಸುವುದರೊಳಗೆ ಮಗುಚಿಕೊಳ್ಳುತ್ತದೆ. ಅನುಭವಶಾಲಿಯಾದ ವಿನ್ಯಾಸಗಾರನು ದರ್ಜಿಯ ಉಪಾಯವನ್ನೇ ಹೂಡುತ್ತಾನೆ: ಹಲಗೆಯಿಂದ ಚಕ್ರವನ್ನು ನಡೆಸದೆ, ಚಕ್ರದಿಂದ ಹಲಗೆಯನ್ನು ನಡೆಸುತ್ತಾನೆ. ಚಕ್ರದ ಒಂದೊಂದು ನಿಲುವಿಗೂ ಹಲಗೆಗೆ ಎರಡು ಉತ್ತರಗಳು ಇದ್ದರೂ, ಅವು ದೂರ ದೂರವೇ ಉಳಿಯುತ್ತವೆ. ದಾರಿ ತಪ್ಪುವ ಭಯವಿಲ್ಲ. ಯಾವುದನ್ನು ಚಾಲಕವಾಗಿ ಮಾಡಬೇಕೆಂಬ ತೀರ್ಮಾನ ಮನುಷ್ಯನದೇ.

ಬಿಗಿ ಹೆಚ್ಚಾದರೆ

ಬಿಗಿ ಕಡಮೆಯಾದರೆ ಭಾಗಗಳು ತೇಲಾಡುತ್ತವೆ, ಸರಿ. ಹೆಚ್ಚಾದರೆ? ಮನೆಯ ಬಾಗಿಲಿಗೇ ಬನ್ನಿ. ಒಂದು ಕೀಲು ಬಾಗಿಲಿನ ಆರು ಸ್ವಾತಂತ್ರ್ಯಗಳಲ್ಲಿ ಐದನ್ನು ಕಸಿಯುತ್ತದೆ. ಎರಡು ಕೀಲುಗಳಾದರೆ ಕಸಿಯುವುದು ಹತ್ತು. ಇರುವುದೇ ಆರು, ಕಳೆದುದು ಹತ್ತು! ಲೆಕ್ಕದ ಪ್ರಕಾರ ಬಾಗಿಲು ಅಲುಗಲೇಕೂಡದು. ಆದರೂ ಲೋಕದ ಬಾಗಿಲುಗಳೆಲ್ಲ ತೆರೆಯುತ್ತಿವೆ. ಏಕೆಂದರೆ ಎರಡು ಕೀಲುಗಳೂ ಒಂದೇ ನೇರ ಗೆರೆಯಲ್ಲಿವೆ. ಮೊದಲನೆಯದು ಹೇಳಿದುದನ್ನೇ ಎರಡನೆಯದು ಮತ್ತೊಮ್ಮೆ ಹೇಳುತ್ತದೆ. ಎರಡನೆಯ ಕೀಲು ತುಸು ಓರೆಯಾಗಲಿ. ಇಬ್ಬರ ಮಾತಿಗೂ ವಿರೋಧ ಬಂದು ಬಾಗಿಲು ಕಿರುಗುಟ್ಟುತ್ತದೆ, ಕಡೆಗೆ ಸಿಕ್ಕಿಕೊಳ್ಳುತ್ತದೆ. ಕೀಲುಗಳನ್ನು ಬಡಿಯುವ ಮೊದಲು ಬಡಗಿಯು ದಾರ ಹಿಡಿದು ನೋಡುವುದು ಈ ಕಾರಣದಿಂದಲೇ.

ಪರದೆಯ ಮೇಲೆ ಒಂದೇ ಮಾತನ್ನು ಎರಡು ಸಲ ಹೇಳಿದರೆ ಗಣಕವು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಕೂದಲೆಳೆಯಷ್ಟು ವಿರೋಧವಿದ್ದರೂ ತಪ್ಪಿನ ಗುರುತು ತೋರಿಸಿ ನಿಂತುಬಿಡುತ್ತದೆ. ಒಂದು ಗುರುತನ್ನು ಕಂಡು ಗಾಬರಿಯಾದ ಎಳೆಯ ಎಂಜಿನಿಯರು ಇನ್ನೊಂದು ಕಟ್ಟುಪಾಡನ್ನು ಸೇರಿಸುವುದುಂಟು, ಗುರುತುಗಳು ಇಮ್ಮಡಿಯಾಗುತ್ತವೆ. ಅಲ್ಲಿ ಬೇಕಾದುದು ಕಟ್ಟುವುದಲ್ಲ, ಬಿಚ್ಚುವುದು. ಇನ್ನೂ ಒಂದು ಅಪಾಯವಿದೆ. ಎರಡು ಕೀಲುಗಳು ಒಂದೇ ಮಾತನ್ನಾಡಿದಾಗ, ಬಾಗಿಲಿನ ಭಾರವನ್ನು ಯಾವ ಕೀಲು ಎಷ್ಟು ಹೊರುತ್ತದೆಂದು ಕೇಳಿದರೆ, ಎಲ್ಲ ಭಾಗಗಳೂ ಬಾಗದ ಗಟ್ಟಿ ವಸ್ತುಗಳೆಂದು ಎಣಿಸುವ ಗಣಕದಿಂದ ನಂಬಬಹುದಾದ ಉತ್ತರ ಬಾರದು. ಭಾರವೆಲ್ಲ ಒಂದರದೇ ಎಂದು ಹೇಳಿದರೂ ಹೇಳಿತು. ಅದನ್ನು ನಂಬಿ ಮತ್ತೊಂದನ್ನು ತೆಳ್ಳಗೆ ಮಾಡಿದರೆ ಮುರಿಯುವುದು ನಿಜವಾದ ಕೀಲು.

ಆದುದರಿಂದ ಒಳ್ಳೆಯ ಯಂತ್ರದಲ್ಲಿ ಬೇಕೆಂದೇ ಬಿಡುವು ಇಟ್ಟಿರುತ್ತಾರೆ. ಉದ್ದನೆಯ ಶಾಫ್ಟನ್ನು ಎರಡು ಬೇರಿಂಗುಗಳು ಹೊತ್ತಿದ್ದರೆ, ಒಂದು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಇನ್ನೊಂದು ಉದ್ದಕ್ಕೆ ಸರಿಯಲು ಬಿಡುತ್ತದೆ. ಒಂದು ಮೀಟರ್ ಉದ್ದದ ಉಕ್ಕು ಐವತ್ತು ಡಿಗ್ರಿ ಕಾದರೆ ಸುಮಾರು ೦.೬ ಮಿಲಿಮೀಟರ್ ಬೆಳೆಯುತ್ತದೆ. ಎರಡು ಕಡೆಯೂ ಬಿಗಿದಿದ್ದರೆ ಆ ಬೆಳವಣಿಗೆ ಬೇರಿಂಗನ್ನೇ ಒಡೆಯಬಹುದು.

ಜೋಡಣೆಯೊಳಗೊಂದು ಜೋಡಣೆ

ದೊಡ್ಡ ಯಂತ್ರಗಳನ್ನು ಒಂದೊಂದೇ ಮೊಳೆಯಿಂದ ಕಟ್ಟುತ್ತ ಹೋಗುವುದಿಲ್ಲ. ಸಣ್ಣ ಜೋಡಣೆಗಳನ್ನು ಮಾಡಿ, ಅವುಗಳನ್ನು ದೊಡ್ಡದರಲ್ಲಿ ಇರಿಸುತ್ತಾರೆ. ರಸ್ತೆಬದಿಯಲ್ಲಿ ಮಣ್ಣು ಅಗೆಯುವ ಯಂತ್ರವನ್ನು ನೋಡಿ. ಅದರ ಉದ್ದನೆಯ ತೋಳು, ಮುಂಗೈ, ಬಕೆಟ್ಟು ಇವುಗಳನ್ನು ಅಲುಗಿಸುವುದು ಎಣ್ಣೆಯ ಒತ್ತಡದಿಂದ ನೀಳುವ ಸಿಲಿಂಡರುಗಳು. ಪ್ರತಿಯೊಂದು ಸಿಲಿಂಡರೂ ಕೊಳವೆ, ಅದರೊಳಗಿನ ಕೊಂತ ಎಂಬ ಎರಡು ಭಾಗಗಳ ಕಿರುಜೋಡಣೆ. ಕಿರುಜೋಡಣೆಯನ್ನು ದೊಡ್ಡದರಲ್ಲಿ ತಂದಿಟ್ಟಾಗ ಅನೇಕ ಕಾರ್ಯಕ್ರಮಗಳು ಅದನ್ನು ಒಂದೇ ಗಟ್ಟಿ ತುಂಡೆಂದು ಭಾವಿಸುತ್ತವೆ. ಸಿಲಿಂಡರು ನೀಳದು, ತೋಳು ಮರಗಟ್ಟಿದಂತೆ ನಿಂತುಬಿಡುತ್ತದೆ. ‘ಇದರ ಒಳಗಿನ ಬಿಡುವನ್ನು ಇಲ್ಲಿಯೂ ಇರಗೊಡು’ ಎಂದು ಪ್ರತ್ಯೇಕವಾಗಿ ಹೇಳಿದ ಮೇಲೆಯೇ ಒಂದು ಸಿಲಿಂಡರು ಚಾಚಿ, ಇನ್ನೊಂದು ಮುದುಡಿ, ತಂತಮ್ಮ ಕೆಲಸ ಮಾಡುತ್ತವೆ. ಹಾಗೆಂದು ಎಲ್ಲ ಕಿರುಜೋಡಣೆಗಳಿಗೂ ಬಿಡುವು ಕೊಟ್ಟರೆ ಲೆಕ್ಕದ ಹೊರೆ ಬೆಳೆದು ಗಣಕ ಮಂದವಾಗುತ್ತದೆ. ಇಲ್ಲಿಯೂ ತೂಕ ನೋಡಿಯೇ ನಡೆಯಬೇಕು.

ಚಲಿಸುವ ಭಾಗವು ದಾರಿಯಲ್ಲಿ ಮತ್ತೊಂದಕ್ಕೆ ಬಡಿಯುವುದೇ ಎಂದು ನೋಡುವುದು ಇನ್ನೊಂದು ಪರೀಕ್ಷೆ. ಗಣಕವು ಭಾಗವನ್ನು ಹೆಜ್ಜೆಹೆಜ್ಜೆಯಾಗಿ ಸರಿಸಿ, ಪ್ರತಿ ಹೆಜ್ಜೆಯಲ್ಲೂ ತಾಗಿತೇ ಎಂದು ತಡವಿ ನೋಡುತ್ತದೆ. ಹೆಜ್ಜೆ ದೊಡ್ಡದಾದರೆ ತೆಳ್ಳನೆಯ ತಗಡೊಂದು ಎರಡು ಹೆಜ್ಜೆಗಳ ನಡುವೆ ಕಣ್ತಪ್ಪಿಸಿಕೊಳ್ಳುತ್ತದೆ. ಅಲ್ಲಿ ಹೆಜ್ಜೆಯನ್ನು ಕಿರಿದುಮಾಡಬೇಕು.

ಈ ವಿದ್ಯೆಯ ಬಲವನ್ನು ಲೋಕವು ಕಣ್ಣಾರೆ ಕಂಡುದು ೧೯೯೪ರ ಜೂನ್ ೧೨ರಂದು ಮೊದಲ ಬಾರಿ ಹಾರಿದ ಬೋಯಿಂಗ್ ೭೭೭ ವಿಮಾನದಲ್ಲಿ. ಪೂರ್ತಿಯಾಗಿ ಗಣಕದ ಮೇಲೆಯೇ ವಿನ್ಯಾಸಗೊಂಡ ಮೊದಲ ಜೆಟ್ ಪ್ರಯಾಣಿಕ ವಿಮಾನವದು. ಅದರಲ್ಲಿ ಸುಮಾರು ಮೂವತ್ತು ಲಕ್ಷ ಬಿಡಿಭಾಗಗಳು. ಹಿಂದೆ ಹೊಸ ವಿಮಾನಕ್ಕೆ ಮೊದಲು ಪೂರ್ಣಪ್ರಮಾಣದ ಮಾದರಿಗಳನ್ನು ಕಟ್ಟಿ, ಭಾಗಗಳು ಹೊಂದುವುವೋ ಇಲ್ಲವೋ ಎಂದು ನೋಡುತ್ತಿದ್ದರು. ಇದಕ್ಕೆ ಮೂತಿಯ ಭಾಗದ ಮಾದರಿಯೊಂದನ್ನು ಕಟ್ಟಿದುದೇ ಸಾಕಾಯಿತು. ದುರಸ್ತಿಗಾರನ ಕೈ ಒಳಗಿನ ಮೂಲೆಗೆ ಎಟಕುವುದೇ ಎಂಬುದನ್ನು ಕೂಡ ಪರದೆಯ ಮೇಲಿನ ಒಬ್ಬ ಗಣಕಮಾನವನನ್ನು ಬಗ್ಗಿಸಿ ನೋಡಿದರು.

ಪರದೆಗೆ ಕಾಣದ ಸಂಗತಿ

ಹಾಗಾದರೆ ಪರದೆಯ ಮೇಲೆ ಚೆನ್ನಾಗಿ ನಡೆದ ಯಂತ್ರ ಕಾರ್ಖಾನೆಯಲ್ಲೂ ಹಾಗೆಯೇ ನಡೆಯುವುದೆಂದು ನಿಶ್ಚಿಂತರಾಗಬಹುದೆ? ಆಗದು. ಪರದೆಯ ತೂತು ಎಂದಿಗೂ ಹತ್ತು ಮಿಲಿಮೀಟರೇ. ಕಾರ್ಖಾನೆಯ ತೂತು ಒಂದಿಷ್ಟು ಹೆಚ್ಚು, ಇಲ್ಲವೆ ಒಂದಿಷ್ಟು ಕಡಮೆ. ೦.೧ ಮಿಲಿಮೀಟರ್ ಹೆಚ್ಚುಕಡಮೆಯಾಗಬಹುದಾದ ಐದು ತಗಡುಗಳನ್ನು ಒಂದರ ಮೇಲೊಂದು ಇಟ್ಟರೆ ಒಟ್ಟಿನಲ್ಲಿ ಅರ್ಧ ಮಿಲಿಮೀಟರ್ ತಪ್ಪಬಹುದು.

ತಿಕ್ಕಾಟ, ಜಿಡ್ಡು, ಸವೆತ ಇವುಗಳ ಮಾತು ಇನ್ನೂ ಬೇರೆ. ೧೯೮೯ರಲ್ಲಿ ಗುರುಗ್ರಹಕ್ಕೆ ಹೊರಟ ಅಮೆರಿಕದ ‘ಗೆಲಿಲಿಯೊ’ ನೌಕೆಯಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ ೪.೮ ಮೀಟರ್ ಅಗಲದ ಆಂಟೆನಾ ಇತ್ತು. ಅದಕ್ಕೆ ಹದಿನೆಂಟು ಕಡ್ಡಿಗಳು. ೧೯೯೧ರ ಏಪ್ರಿಲಿನಲ್ಲಿ ಬಿಚ್ಚಿಕೊಳ್ಳಲು ಆಜ್ಞೆ ಹೋಯಿತು. ಕೆಲವು ಕಡ್ಡಿಗಳು ಸಿಕ್ಕಿಕೊಂಡು ಕೊಡೆ ಅರ್ಧಕ್ಕೇ ನಿಂತಿತು, ಕೊನೆಯವರೆಗೂ ತೆರೆಯಲಿಲ್ಲ. ಉಡಾವಣೆ ತಡವಾಗಿ, ನೌಕೆಯನ್ನು ಲಾರಿಯಲ್ಲಿ ಕ್ಯಾಲಿಫೋರ್ನಿಯಕ್ಕೂ ಫ್ಲೋರಿಡಕ್ಕೂ ಸಾಗಿಸುವಾಗ ಕುಲುಕಾಟದಿಂದ ಕಡ್ಡಿಗಳ ಗೂಟಗಳ ಮೇಲಿನ ಒಣಲೇಪ ಸವೆದುಹೋಯಿತೆಂದು ತಜ್ಞರು ತರ್ಕಿಸಿದರು. ಕೀಲಿನ ಆಕಾರದಲ್ಲಿ ಕೊರತೆಯಿರಲಿಲ್ಲ. ಆದರೆ ಹೆದ್ದಾರಿಯ ಕುಲುಕಾಟವನ್ನು ಯಾವ ಕಟ್ಟುಪಾಡಿನಲ್ಲಿ ಬರೆಯುವುದು? ವಿಜ್ಞಾನಿಗಳು ಸಣ್ಣ ಆಂಟೆನಾದಿಂದಲೇ, ನೂರಾರು ಪಾಲು ನಿಧಾನವಾಗಿ ಸುದ್ದಿ ತರಿಸಿಕೊಂಡು, ೨೦೦೩ರವರೆಗೆ ಕಾರ್ಯ ನಡೆಸಿದರು.

ಈ ಬಗೆಯ ಪಾಠಗಳು ವ್ಯರ್ಥವಾಗಲಿಲ್ಲ. ೨೦೨೧ರ ಡಿಸೆಂಬರ್ ೨೫ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕವು ಆಕಾಶದಲ್ಲಿ ತನ್ನನ್ನು ತಾನೇ ಬಿಚ್ಚಿಕೊಳ್ಳಬೇಕಾಗಿತ್ತು. ಟೆನಿಸ್ ಅಂಗಳದಷ್ಟು ದೊಡ್ಡದಾದ ಅದರ ಐದು ಪದರದ ಬಿಸಿಲುಗುರಾಣಿಯೊಂದರಲ್ಲೇ ಸುಮಾರು ಎಪ್ಪತ್ತು ಕೀಲುಜೋಡಣೆಗಳು, ನಾನೂರು ರಾಟೆಗಳು, ತೊಂಬತ್ತು ಹಗ್ಗಗಳು. ಇಡೀ ದೂರದರ್ಶಕದಲ್ಲಿ, ಒಂದು ಕೈಕೊಟ್ಟರೂ ಎಲ್ಲವೂ ಕೆಡುವಂತಹ ಸ್ಥಾನಗಳು ೩೪೪. ಅದನ್ನು ಕಟ್ಟಿದವರು ಪರದೆಯನ್ನು ನಂಬಿದರು. ಆದರೆ ಪರದೆಯೊಂದನ್ನೇ ನಂಬಲಿಲ್ಲ. ನೆಲದ ಮೇಲೆ ನಿಜವಾದ ಗುರಾಣಿಯನ್ನೇ ಮತ್ತೆ ಮತ್ತೆ ಬಿಚ್ಚಿ ಮಡಿಚಿ ನೋಡಿದರು. ಹಾಗೆ ನೋಡುವಾಗ ಪದರಗಳು ಹರಿದುದೂ ಉಂಟು, ಸರಿಪಡಿಸಿದುದೂ ಉಂಟು. ೨೦೨೨ರ ಜನವರಿ ೪ರಂದು ಐದು ಪದರಗಳೂ ಬಾನಿನಲ್ಲಿ ಬಿಗಿದು ನಿಂತುವು.

ನಮ್ಮವರೂ ಹಿಂದೆ ಉಳಿದಿಲ್ಲ. ೨೦೧೫ರ ಆಗಸ್ಟ್ ೨೭ರಂದು ಹಾರಿದ ಜಿಸ್ಯಾಟ್-೬ ಉಪಗ್ರಹವು ಆರು ಮೀಟರ್ ಅಗಲದ, ಮಡಿಚಿಟ್ಟ ಆಂಟೆನಾವನ್ನು ಹೊತ್ತೊಯ್ದಿತು. ಇಸ್ರೊ ಸಂಸ್ಥೆಯು ಉಪಗ್ರಹಕ್ಕಾಗಿ ಅಷ್ಟು ದೊಡ್ಡ ಆಂಟೆನಾವನ್ನು ಅದುವರೆಗೆ ಮಾಡಿರಲಿಲ್ಲ. ಕೆಲವು ದಿನಗಳಲ್ಲೇ ಅದು ಆಜ್ಞೆಯನ್ನು ಪಾಲಿಸಿ, ಹೂವಿನಂತೆ ಅರಳಿ ನಿಂತಿತು. ಆಜ್ಞೆ ಹೋದುದು ಹಾಸನದಿಂದ.

ಇಂದು ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ತರುಣ ತರುಣಿಯರು ಪರದೆಯ ಮುಂದೆ ಕುಳಿತು, ದೇಶವಿದೇಶಗಳ ಕಾರು, ವಿಮಾನ, ಪಂಪುಗಳ ಭಾಗಗಳಿಗೆ ಹೀಗೆ ಕಟ್ಟು ಹಾಕುತ್ತ, ಬಿಚ್ಚುತ್ತ ಇದ್ದಾರೆ. ಅವರ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ನಾವು ಕೊಡೆ ಬಿಚ್ಚುತ್ತೇವೆ, ಬಸ್ಸಿನ ಬಾಗಿಲು ಮುಚ್ಚುತ್ತದೆ, ಆಸ್ಪತ್ರೆಯ ಮಂಚ ತಲೆಯೆತ್ತುತ್ತದೆ. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲವೆಂದರೆ, ಬೇಡದ ಐದು ದಾರಿಗಳನ್ನು ಯಾರೋ ಮುಂಚಿತವಾಗಿ ಮುಚ್ಚಿ, ಬೇಕಾದ ಒಂದನ್ನು ತೆರೆದಿಟ್ಟಿದ್ದಾರೆಂದೇ ತಿಳಿಯಬೇಕು.